ಚೌಕು ಮಡಿ ಮತ್ತು ಬಿ.ಜೆ.ವಿ-44: ಹಿಟ್ನಳ್ಳಿ ಫಾರ್ಮಿನ ಶಿಫಾರಸು ಹಿಂಗಾರಿ ರೈತರಿಗೆ ಎಷ್ಟು ಉಪಯೋಗ?

ವಿಜಯಪುರದ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ವರ್ಷಕ್ಕೆ ಸುಮಾರು 590 ಮಿ.ಮೀ. ಮಳೆ. ಅದರಲ್ಲಿ ಎಷ್ಟು ಮಣ್ಣಿಗೆ ಇಳಿಯಿತು, ಎಷ್ಟು ಹಳ್ಳ ಸೇರಿತು ಎನ್ನುವುದರ ಮೇಲೆ ಬಿಳಿಜೋಳದ ಫಸಲು ನಿಂತಿದೆ. ಇದಕ್ಕೆ ಹಿಟ್ನಳ್ಳಿ ಫಾರ್ಮಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ಎರಡು ದಾರಿ ತೋರಿಸಿದೆ: ಒಂದು ಚೌಕು ಮಡಿ, ಅಂದರೆ ಹೊಲದ ತುಂಬ ಸಣ್ಣ ಸಣ್ಣ ಚೌಕಗಳಾಗಿ ಬದು ಹಾಕಿ ಮಳೆ ನೀರು ನಿಲ್ಲಿಸುವುದು; ಇನ್ನೊಂದು ಅಲ್ಲಿಯದೇ ಬಿಳಿಜೋಳದ ತಳಿ ಬಿ.ಜೆ.ವಿ-44. ಮೊದಲೇ ಹೇಳಿಬಿಡುತ್ತೇವೆ, ಬೀಜ ಒಳ್ಳೆಯದು. ಆದರೆ ಮಡಿ ಕಟ್ಟದೆ ಬೀಜವೊಂದನ್ನೇ ತಂದರೆ ಅರ್ಧ ಕೆಲಸವಷ್ಟೇ ಆದಂತೆ.

ಇಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1933ರಲ್ಲಿ, ಸೋಲಾಪುರದ ಜೊತೆಜೊತೆಗೆ. ಹಗರಿ, ರಾಯಚೂರು ಬಂದದ್ದು ಆಮೇಲೆ. ಈಗ ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿ ಇದೆ. ಆಫ್ರಿಕಾದ ಒಣ ಸೀಮೆಗಳಲ್ಲಿ ಬೋದುಗಳ ನಡುವೆ ಅಡ್ಡಕಟ್ಟೆ ಹಾಕಿ ನೀರು ತಡೆಯುವುದರ ಹಿಂದೆಯೂ ಚೌಕು ಮಡಿಯ ತತ್ವವೇ ಇದೆ. ನಮ್ಮ ಎರಿ ಮಣ್ಣಿಗೆ ಮಡಿಯ ಅಳತೆ ಹೇಗಿರಬೇಕು ಎಂದು ಹೊಲದಲ್ಲೇ ಪರೀಕ್ಷಿಸಿ ಹೇಳಿದ್ದು ಈ ಕೇಂದ್ರದ ದೊಡ್ಡ ಕೆಲಸ.

ಒಂದು ಎಕರೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಎರಿ ಮಣ್ಣು ಹಸಿಯಾದ ಕೂಡಲೇ ಮುಚ್ಚಿಕೊಳ್ಳುತ್ತದೆ, ನೀರು ಇಂಗುವ ವೇಗ ಇಳಿಯುತ್ತದೆ. ಹೊಲ ಸಪಾಟಾಗಿ ಕಂಡರೂ ಜೋರು ಮಳೆಗೆ ಮೇಲ್ಮಣ್ಣನ್ನೂ ಹೊತ್ತುಕೊಂಡು ನೀರು ಹೋಗುವುದು ಅದಕ್ಕೇ. ಮಡಿ ಆ ನೀರನ್ನು ಬಿದ್ದಲ್ಲೇ ನಿಲ್ಲಿಸಿ, ಇಂಗಲು ಹೊತ್ತು ಕೊಡುತ್ತದೆ.

ಜೂನ್-ಜುಲೈಯಲ್ಲಿ ಮೊದಲ ಮಳೆ ಆದಮೇಲೆ ಕುಂಟೆ ಹೊಡೆದು ಕಳೆ ತೆಗೆಯಬೇಕು. ಹೆಂಟೆ ಒಡೆದು ಮಣ್ಣು ಪುಡಿಯಾಗಿರಬೇಕು, ಅಂಟುವಷ್ಟು ಹಸಿ ಇರಬಾರದು. ಇಳಿಜಾರು ಶೇ. 1ಕ್ಕಿಂತ ಕಡಿಮೆ ಇದ್ದರೆ 4.5 ಮೀಟರ್ ಚೌಕ, ಎಕರೆಗೆ ಸುಮಾರು 200 ಮಡಿ. ಅದಕ್ಕಿಂತ ಹೆಚ್ಚಿದ್ದರೆ 3 ಮೀಟರ್ ಚೌಕ, ಸುಮಾರು 450 ಮಡಿ. ಬದುವಿನ ಎತ್ತರ 15ರಿಂದ 20 ಸೆಂ.ಮೀ. ಸಾಧನ ಸರಳವಾದದ್ದು: ಮುಂದೆ ಅಗಲ, ಹಿಂದೆ ಕಿರಿದಾಗಿ ಜೋಡಿಸಿದ ಎರಡು ಹಲಗೆ. ಎಳೆದಂತೆಲ್ಲ ಮಣ್ಣು ನಡುವೆ ಸೇರಿ ಬದು ಬೀಳುತ್ತದೆ. ಮೊದಲು ಇಳಿಜಾರಿನ ದಿಕ್ಕಿಗೆ ಎಳೆದು, ಕೊನೆಯ ಸುತ್ತನ್ನು ಇಳಿಜಾರಿಗೆ ಅಡ್ಡಲಾಗಿ ಎಳೆಯುವುದು ಮೇಲು. ಆಗ ನೀರಿಗೆ ಎದುರಾಗಿ ನಿಲ್ಲುವ ಬದು ತುಂಡಾಗದೆ ಉಳಿಯುತ್ತದೆ.

ಎಲ್ಲರೂ ಬಿಡುವ ಕೆಲಸ ಇಲ್ಲೇ ಇದೆ. ಅಡ್ಡ ಎಳೆಯುವಾಗ ಹಲಗೆಗಳು ಮೊದಲಿನ ಬದುವನ್ನು ಕತ್ತರಿಸಿಕೊಂಡು ಹೋಗುತ್ತವೆ. ಪ್ರತಿ ಕೂಡು ಜಾಗದಲ್ಲೂ ಗೇಣಗಲದ ಬಾಯಿ ಉಳಿಯುತ್ತದೆ. ಅದನ್ನು ಸಲಿಕೆಯಿಂದ ಮುಚ್ಚಿ ತುಳಿಯದಿದ್ದರೆ ಒಂದು ಮಡಿಯ ನೀರು ಇನ್ನೊಂದಕ್ಕೆ ನುಗ್ಗಿ, ತಗ್ಗಿನ ಕಡೆಯ ಮಡಿಗಳು ಒಂದರ ಹಿಂದೊಂದು ಒಡೆಯುತ್ತವೆ. ಮಡಿಯಿಂದ ಲಾಭವಿಲ್ಲ ಎಂದು ದೂರುವವರ ಹೊಲದಲ್ಲಿ ಮೊದಲು ಈ ಬಾಯಿಗಳನ್ನೇ ನೋಡಬೇಕು. ಟ್ರ್ಯಾಕ್ಟರ್ ಬಾಡಿಗೆಯ ಜೊತೆಗೆ ಈ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಲದ ಕೆಳಬದುವಿಗೆ ಕಲ್ಲಿನ ಕೋಡಿ ಇರಲಿ, ದೊಡ್ಡ ಮಳೆಗೆ ಹೆಚ್ಚುವರಿ ನೀರು ಹೋಗಲು ದಾರಿ ಬೇಕು.

ಕೊರತೆಗಳೂ ಇವೆ. ಮಡಿಯೊಳಗೆ ಕಳೆ ಬೇಗ ಬರುತ್ತದೆ, ಹರಗಿದರೆ ಬದು ಹೋಗುತ್ತದೆ, ಮತ್ತೆ ಕಟ್ಟಬೇಕು. ಮುಂಗಾರಿ ಬೆಳೆ ಇರುವ ಹೊಲಕ್ಕೆ ಇದು ಆಗದು. ಮೊಳಕಾಲುದ್ದವೂ ಮಣ್ಣಿಲ್ಲದ ಮರಡಿ ಹೊಲದಲ್ಲಿ ನೀರು ಹಿಡಿದಿಡಲು ಜಾಗವೇ ಇಲ್ಲ, ಅಲ್ಲಿ ಖರ್ಚು ಮಾಡಬೇಡಿ. ಸೆಪ್ಟೆಂಬರ್ ಮಳೆ ಜೋರಾದರೆ ಮಡಿ ಹೊಲ ಹದಕ್ಕೆ ಬರುವುದು ತಡ. ಬಿತ್ತನೆ ಅಕ್ಟೋಬರ್ ಮಧ್ಯ ದಾಟಿದರೆ ಸುಳಿ ನೊಣದ ಕಾಟ ಹೆಚ್ಚುತ್ತದೆ. ಆದ್ದರಿಂದ ಸೆಪ್ಟೆಂಬರ್ ಎರಡನೇ ವಾರದಿಂದಲೇ ಹದ ನೋಡುತ್ತಿರಬೇಕು.

ಬೀಜದ ವಿಷಯಕ್ಕೆ ಬಂದರೆ, ಆಳ ಎರಿಯಲ್ಲಿ ಹಳೆಯ ಜೋಳದ ತಳಿ ಎಂ 35-1ರ ಪಕ್ಕದಲ್ಲಿ ಬಿ.ಜೆ.ವಿ-44 ಬಿತ್ತಿ ಹೋಲಿಸುವುದು ಸರಿಯಾದ ದಾರಿ. ಎಕರೆಗೆ 3 ಕಿಲೋ ಸಾಕು. ಸಾಲಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15. ದಟ್ಟವಾಗಿ ಬಿಟ್ಟರೆ ಕಾಳು ತುಂಬುವ ಹೊತ್ತಿಗೆ ತೇವ ಮುಗಿದು, ಬುಡ ಒಳಗೊಳಗೇ ಕಪ್ಪಾಗಿ ದಂಟು ಮಲಗುತ್ತದೆ. ಬಿತ್ತುವ ಮುಂಚೆ ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು 8 ತಾಸು ನೆನೆಸಿ, ನೆರಳಲ್ಲಿ ಮೊದಲಿನ ತೂಕಕ್ಕೆ ಬರುವತನಕ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಮೊಳಕೆ ಕೆಡುತ್ತದೆ. ಕಾಳಿನ ಜಾಗದಲ್ಲಿ ಕಪ್ಪು ಪುಡಿ ತುಂಬುವ ಕಾಡಿಗೆ ರೋಗಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಲೇಪಿಸಿ. ಬೆಳೆ ಎದ್ದಮೇಲೆ ಎರಡು-ಮೂರು ಸಲ ಎಡೆ ಹೊಡೆದು ಬಿರುಕು ಮುಚ್ಚುವುದನ್ನು ತಪ್ಪಿಸಬೇಡಿ, ಮಡಿಯಲ್ಲಿ ಹಿಡಿದ ತೇವ ಆರಿಹೋಗುವುದು ಆ ಬಿರುಕುಗಳಿಂದಲೇ.

ಚೀಲ ಕೊಳ್ಳುವಾಗ ಚೀಟಿಯ ಬಣ್ಣ ನೋಡಿ: ಫೌಂಡೇಶನ್ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಬಿ.ಜೆ.ವಿ-44 ಹೈಬ್ರಿಡ್ ಅಲ್ಲ, ಪ್ರತಿ ವರ್ಷ ಕೊಳ್ಳುವ ಹಂಗಿಲ್ಲ. ಪಕ್ಕದ ಹೊಲದ ಪರಾಗ ಬೆರೆಯದಂತೆ ಹೊಲದ ನಟ್ಟನಡುವಿನ ತೆನೆಗಳನ್ನು ಕೊಯ್ಲಿಗೆ ಮುಂಚೆಯೇ ಗುರುತಿಸಿ, ಬೇರೆಯಾಗಿ ಕೊಯ್ದು ಬಡಿದಿಟ್ಟರೆ ಮುಂದಿನ ಹಿಂಗಾರಿಗೆ ಬೀಜ ಮನೆಯಲ್ಲೇ ಸಿಗುತ್ತದೆ.