ಕ್ಯಾಸೆಟ್ಟಿಂದ ಡಿವಿಡಿಗೆ: ಚಿತ್ರ ಚೆನ್ನಾಗಿ ಬರುತ್ತದೆ, ಸದ್ದು ಮಾತ್ರ ಹಿಂದೆ ಬೀಳುತ್ತದೆ

ಹಳೇ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸೋಕೆ ಅಂತ ಒಂದು ಪುಟ್ಟ ಡಬ್ಬಿ ಮಾರುತ್ತಾರಲ್ಲ, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಹಳದಿ, ಬಿಳಿ, ಕೆಂಪು ಪಿನ್ನು ಸಿಕ್ಕಿಸುವ ಜಾಗ, ಅದನ್ನು ತಗೊಂಡು ವರ್ಷದ ಮೇಲಾಯಿತು. ಸಾವಿರ ರೂಪಾಯಿ ಒಳಗೇ ಸಿಕ್ಕಿತು. ಬಾಕ್ಸಿನ ಮೇಲೆ ಬರೆದಿರುವುದನ್ನೆಲ್ಲ ನೀವು ಓದಿರುತ್ತೀರಿ, ಅದು ಬೇಡ. ಬಾಕ್ಸಿನ ಮೇಲೆ ಬರೆಯದೇ ಇರುವ ಒಂದು ವಿಷಯ ಹೇಳಬೇಕು. ಸದ್ದು ಜಾರುತ್ತದೆ.

ಮೊದಲು ಇಳಿಸಿದ್ದು ನಮ್ಮ ಚಿಕ್ಕಮ್ಮನ ಮದುವೆ ಕ್ಯಾಸೆಟ್ಟು. ಗುಬ್ಬಿ ಹತ್ತಿರದ ಊರಲ್ಲಿ, ಮನೆ ಮುಂದೆ ಚಪ್ಪರ ಹಾಕಿ ಮಾಡಿದ ಮದುವೆ. ಶುರುವಿನಲ್ಲಿ ಎಲ್ಲ ಸರಿಯಾಗೇ ಇತ್ತು. ಧಾರೆ ಹೊತ್ತಿಗೆ ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಅಂತಾರೆ, ಡೋಲಿನವನ ಕೋಲು ಚರ್ಮದ ಮೇಲೆ ಬೀಳುತ್ತದೆ, ಸದ್ದಿಲ್ಲ. ಕೋಲು ಮತ್ತೆ ಮೇಲೆದ್ದ ಮೇಲೆ ‘ಧಡ್’ ಅಂತ ಕೇಳುತ್ತದೆ. ಆಮೇಲೆ ಹೆಂಗಸರು ಹಸೆ ಮುಂದೆ ಕೂತು ಸೋಬಾನೆ ಹಾಡುವ ಭಾಗ ಬಂತು. ಅಜ್ಜಿ ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ‘ಏನ್ಲಾ ಇದು, ನಾನು ಬಾಯ್ ಮುಚ್ಚಿದ್ಮೇಲೆ ಹಾಡು ಬತ್ತೈತೆ’ ಅಂದರು. ನನಗೆ ಸಿಟ್ಟು ಬಂದಿದ್ದು ಅಲ್ಲೇ. ಚಿತ್ರ ಸ್ವಲ್ಪ ಮಸುಕಾದರೆ ಪರವಾಗಿಲ್ಲ, ವಿಎಚ್‌ಎಸ್ ಕ್ಯಾಸೆಟ್ಟು ಯಾವತ್ತೂ ಅಷ್ಟೇ. ಆದರೆ ಆ ಹಾಡು ಹೇಳಿದವರಲ್ಲಿ ಈಗ ಉಳಿದಿರುವುದು ನಮ್ಮಜ್ಜಿ ಮತ್ತು ಇನ್ನೊಬ್ಬರು. ಅವರ ಬಾಯಿಗೂ ದನಿಗೂ ಹೊಂದಿಕೆ ಇಲ್ಲ ಅಂದರೆ ಇಳಿಸಿ ಏನು ಪ್ರಯೋಜನ?

ಅದರ ಮೇಲೆ ಇನ್ನೊಂದು ಬೇಜಾರು. ಆ ಕಾಲದ ವಿಡಿಯೋದವರು ಎಡಿಟಿಂಗ್ ಮಾಡುವಾಗ ಮದುವೆಯ ಅಸಲಿ ಸದ್ದು ಅಳಿಸಿ ಸಿನಿಮಾ ಹಾಡು ಹಾಕಿಬಿಡುತ್ತಿದ್ದರು. ನಮ್ಮನೆ ಕ್ಯಾಸೆಟ್ಟಲ್ಲೂ ಅರ್ಧಕ್ಕಿಂತ ಜಾಸ್ತಿ ಅದೇ. ಜನ ಮಾತಾಡುತ್ತಾರೆ, ನಗುತ್ತಾರೆ, ಒಂದಕ್ಷರ ಕೇಳುವುದಿಲ್ಲ. ಹಾಗಾಗಿ ನಿಜವಾದ ದನಿ ಉಳಿದ ಆ ತುಣುಕುಗಳೇ ನನಗೆ ಮುಖ್ಯ, ಡಬ್ಬಿ ಕೈ ಕೊಡುವುದೂ ಅಲ್ಲೇ.

ಕಾರಣ ಹುಡುಕುತ್ತಾ ಹೋದೆ. ನಮ್ಮ ದೇಶದ ಕ್ಯಾಸೆಟ್ಟು ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಟೇಪು ಹಳೆಯದಾಗಿ ಹಿಗ್ಗಿದ್ದರೆ, ಸುಕ್ಕಾಗಿದ್ದರೆ, ಎರಡು ಶಾಟು ಜೋಡಿಸಿದ ಜಾಗದಲ್ಲಿ ಸಿಗ್ನಲ್ ಒಂದು ಕ್ಷಣ ತಪ್ಪಿದರೆ, ಡಬ್ಬಿ ಆ ಚಿತ್ರಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಸದ್ದು ಮಾತ್ರ ನಿಲ್ಲದೆ ಬರುತ್ತಿರುತ್ತದೆ. ಹೀಗೆ 25 ಚಿತ್ರ ತಪ್ಪಿದರೆ ಸದ್ದು ಒಂದು ಸೆಕೆಂಡು ಹಿಂದೆ. ಇದನ್ನು ಸರಿ ಮಾಡುವ ಟಿಬಿಸಿ ಅನ್ನುವ ಯಂತ್ರ ಇದೆ, ಆದರೆ ಅದರ ಬೆಲೆ ನನ್ನ ಸಂಬಳಕ್ಕೆ ಆಗುವ ಮಾತಲ್ಲ. ತುಮಕೂರಲ್ಲೇ ಒಂದು ಸ್ಟುಡಿಯೋದಲ್ಲಿ ವಿಚಾರಿಸಿದೆ. ಒಂದೊಂದು ಕ್ಯಾಸೆಟ್ಟಿಗೂ ಅವರು ಹೇಳಿದ ರೇಟಿಗೆ ಈ ಡಬ್ಬಿಯನ್ನೇ ಕೊಳ್ಳಬಹುದಿತ್ತು, ಸದ್ದು ಸರಿ ಬರುತ್ತದಾ ಅಂದರೆ ‘ನೋಡೋಣ’ ಅಂದರು.

ಡಬ್ಬಿ ಜೊತೆ ಬಂದ ಸಾಫ್ಟ್‌ವೇರ್ ಬಿಟ್ಟು ವರ್ಚುವಲ್‌ಡಬ್ ಹಾಕಿಕೊಂಡ ಮೇಲೆ ದಾರಿ ಸಿಕ್ಕಿತು. ಅದು ಪುಕ್ಕಟೆ ಸಿಗುತ್ತದೆ. ಎಷ್ಟು ಚಿತ್ರ ತಪ್ಪಿತು ಅಂತ ರೆಕಾರ್ಡ್ ಆಗುವಾಗಲೇ ಪಕ್ಕದಲ್ಲಿ ತೋರಿಸುತ್ತದೆ. ಆ ಅಂಕಿ ಒಮ್ಮೆಲೇ ಏರಿದರೆ ಅಲ್ಲಿ ಒಂದು ಜೋಡಣೆ ಇದೆ ಅಂತ ಅರ್ಥ. ನಾನು ಅಲ್ಲಿ ನಿಲ್ಲಿಸಿ, ಸ್ವಲ್ಪ ಮುಂದಿನಿಂದ ಹೊಸ ಫೈಲ್ ಶುರು ಮಾಡುತ್ತೇನೆ. ಪ್ರತಿ ತುಣುಕೂ ಸೊನ್ನೆಯಿಂದ ಶುರುವಾಗುವುದರಿಂದ ಸದ್ದು ಹಿಂದೆ ಬೀಳೋಕೆ ಹೊತ್ತೇ ಸಿಗುವುದಿಲ್ಲ. ಸಿನಿಮಾ ಹಾಡು ತುಂಬಿರುವ ಭಾಗಕ್ಕೆ ಇಷ್ಟು ಕಷ್ಟ ಬೇಡ. ಸೋಬಾನೆ ಭಾಗಕ್ಕೆ ಪಟ್ಟು ಹಿಡಿದು ಮಾಡಿದೆ. ಈಗ ಅಜ್ಜಿ ಬಾಯಿ ತೆರೆದಾಗಲೇ ಹಾಡು ಬರುತ್ತದೆ.

ಇಷ್ಟು ದಿನ ಬೈದುಕೊಂಡೇ ಬಳಸಿದ್ದೇನೆ, ಆದರೂ ಇನ್ನೊಂದು ಮಾತು ಹೇಳಲೇಬೇಕು. ಮೂರು ಗಂಟೆಯ ಕ್ಯಾಸೆಟ್ಟು ಇಳಿಸೋಕೆ ಮೂರು ಗಂಟೆ ಬೇಕೇ ಬೇಕು, ಅವಸರ ಮಾಡೋಕೆ ಆಗುವುದಿಲ್ಲ. ಅದರಿಂದ ನಮ್ಮನೆಯಲ್ಲಿ ಒಂದು ರೂಢಿ ಬೆಳೆಯಿತು. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಒರೆಸುತ್ತೇನೆ. ಬೆನ್ನಿನ ಕಡೆ ಇರುವ ಪುಟ್ಟ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಮುರಿದು ಹಾಕುತ್ತೇನೆ, ಆಗ ಅದರ ಮೇಲೆ ಅಪ್ಪಿತಪ್ಪಿಯೂ ಬೇರೆ ಏನೂ ರೆಕಾರ್ಡ್ ಆಗುವುದಿಲ್ಲ. ಒಂದು ಸಲ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತುತ್ತೇನೆ. ಎಷ್ಟೋ ವರ್ಷದಿಂದ ಒಂದಕ್ಕೊಂದು ಅಂಟಿಕೊಂಡು ಕೂತ ಸುತ್ತುಗಳು ಹೀಗೆ ಸಡಿಲವಾಗುತ್ತವೆ. ಆಮೇಲೆ ಕಂಪ್ಯೂಟರನ್ನು ಯುಪಿಎಸ್‌ಗೆ ಹಾಕಿ, ಅಜ್ಜಿಗೆ ಕುರ್ಚಿ ಹಾಕಿ ಕೂರಿಸುತ್ತೇನೆ.

ಅಜ್ಜಿ ಹೆಸರು ಹೇಳುತ್ತಾ ಹೋಗುತ್ತಾರೆ. ಇವನು ತಿಪಟೂರು ಕಡೆಯ ಬೀಗರ ಮಗ, ಈಕೆ ಬಡಿಸುತ್ತಿರುವವಳು ನಿಮ್ಮಪ್ಪನ ಸೋದರತ್ತೆ, ಈ ಮಗು ಇವತ್ತು ಎರಡು ಮಕ್ಕಳ ತಾಯಿ. ನಾನು ಸಮಯ ಹಾಕಿ ನೋಟ್‌ಬುಕ್ಕಲ್ಲಿ ಬರೆದುಕೊಳ್ಳುತ್ತೇನೆ. ಊಟದ ಪಂಕ್ತಿ ಬಂದರಂತೂ ಅಜ್ಜಿ ಎಲೆ ಎಲೆ ಬಿಡದೆ ಗುರುತಿಸುತ್ತಾರೆ. ಒಂದೇ ಗಂಟೆಯಲ್ಲಿ ಇಳಿಸಿಬಿಡುವ ಯಂತ್ರ ಇದ್ದಿದ್ದರೆ ಈ ಹೆಸರುಗಳು ನನಗೆ ಸಿಗುತ್ತಿರಲಿಲ್ಲ. ಡಿವಿಡಿಸ್ಟೈಲರ್‌ ಅನ್ನುವ ಸಾಫ್ಟ್‌ವೇರ್‌ನಲ್ಲಿ ಡಿಸ್ಕು ತಯಾರಿಸುವಾಗ ಅದೇ ನೋಟ್‌ಬುಕ್ಕಿನ ಪ್ರಕಾರ ಚಾಪ್ಟರ್ ಹಾಕುತ್ತೇನೆ: ಚಪ್ಪರ, ಧಾರೆ, ಸೋಬಾನೆ, ಪಂಕ್ತಿ.

ಡಿವಿಡಿ ಯಾಕೆ, ಪೆನ್‌ಡ್ರೈವ್ ಸಾಲದಾ ಅಂತ ಕೇಳುತ್ತಾರೆ. ಊರಲ್ಲಿರುವ ದೊಡ್ಡಪ್ಪನ ಮನೆಯಲ್ಲಿ ಡಿವಿಡಿ ಪ್ಲೇಯರ್ ಇನ್ನೂ ನಡೆಯುತ್ತಿದೆ, ಡಿಸ್ಕು ಹಾಕಿ ಬಟನ್ ಒತ್ತೋದು ಅವರಿಗೆ ಗೊತ್ತು. 4.7 ಜಿಬಿ ಡಿಸ್ಕಿಗೆ ಎರಡು ಗಂಟೆ ಮೀರಿ ತುಂಬಬೇಡಿ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಕಡಿಮೆ ಸ್ಪೀಡಿನಲ್ಲಿ ಬರೆಯಿರಿ. ಮೂಲ ಫೈಲನ್ನು ಹಾರ್ಡ್ ಡಿಸ್ಕಲ್ಲಿ ಇಟ್ಟುಕೊಳ್ಳಿ, ಬರೆದ ಡಿಸ್ಕು ಬಿಸಿಲಿಗೆ ಕೆಡುತ್ತದೆ.

ಕೊಳ್ಳುವವರು ಡಬ್ಬಿಗಿಂತ ಮೊದಲು ಕ್ಯಾಸೆಟ್ಟು ಓಡಿಸುವ ವಿಸಿಆರ್ ನೋಡಿಕೊಳ್ಳಿ. ಕೊನೇವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು, ಈಗ ಹೊಸದು ಸಿಗುವುದಿಲ್ಲ. ಇರುವುದನ್ನು ಜೋಪಾನ ಮಾಡಬೇಕು. ಅದರೊಳಗೆ ಟೇಪು ಓದುವ ಹೆಡ್ ಒರೆಸೋಕೆ ಹತ್ತಿ ಬೇಡ, ಎಳೆ ಸಿಕ್ಕಿಕೊಂಡು ಹೆಡ್ ಮುರಿಯುತ್ತದೆ. ಬಿಳೀ ಕಾಗದವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹೆಡ್ ಕೂತಿರುವ ಗುಂಡನೆಯ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿಯಿರಿ, ಡ್ರಮ್ಮನ್ನು ಇನ್ನೊಂದು ಕೈಯಲ್ಲಿ ತಿರುಗಿಸಿ, ಕಾಗದ ಅಲ್ಲಾಡಬಾರದು. ಡಬ್ಬಿಯ ಸೆಟ್ಟಿಂಗಲ್ಲಿ ಎನ್‌ಟಿಎಸ್‌ಸಿ ಅಂತ (ಅಮೆರಿಕದ ಪದ್ಧತಿ) ಇದ್ದರೆ ಪಾಲ್ ಮಾಡಿ, ಚಿತ್ರದ ಅಳತೆ 720x576 ಇಡಿ. ಚಿತ್ರದ ತಳದಲ್ಲಿ ನಡುಗುವ ಒಂದು ಪಟ್ಟಿ ಕಾಣುತ್ತದೆ, ಅದು ಎಲ್ಲ ಕ್ಯಾಸೆಟ್ಟಲ್ಲೂ ಇರುವುದೇ.

ಸುಮ್ನೆ ಹಾಕಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು ಅನ್ನುವವರಿಗೆ ಈ ಡಬ್ಬಿ ಬೇಡ. ಕೂತು ನೋಡೋಕೆ ಹೊತ್ತಿದ್ದರೆ ತಗೊಳ್ಳಿ, ಐದಕ್ಕೆ ಮೂರೂವರೆ ಕೊಡುತ್ತೇನೆ. ನಮ್ಮನೆಯಲ್ಲಿ ಸಿದ್ಧಗಂಗೆ ಜಾತ್ರೆಯದೊಂದು ಕ್ಯಾಸೆಟ್ಟು ಬಾಕಿ ಇದೆ. ಟೇಪಿನ ಅಂಚಿಗೆ ಬಿಳೀ ಬೂಷ್ಟು ಹಿಡಿದಿದೆ, ಹಾಗೇ ಹಾಕಿದರೆ ಹೆಡ್ಡಿಗೂ ಅಂಟಿ ಮುಂದಿನ ಕ್ಯಾಸೆಟ್ಟುಗಳೂ ಕೆಡುತ್ತವೆ, ಅದಕ್ಕೇ ತೆಗೆದಿಟ್ಟಿದ್ದೇನೆ. ತುಮಕೂರು ಕಡೆ ಅದನ್ನು ಬಿಚ್ಚಿ ಒರೆಸಿ ಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.