ಏಜೆಂಟಿಗೆ ಕೆಲಸ, ಟೆಸ್ಟ್ ಫೋಲ್ಡರಿಗೆ ಬೀಗ: ಎಐ ಕೋಡಿಂಗ್ ಏಜೆಂಟ್, ವರ್ಷ ದಾಟಿದ ಮೇಲೆ

85 ರೂಪಾಯಿಯ ಒಂದು ಮಸಾಲೆ ದೋಸೆಗೆ ಎರಡೂವರೆ ಪರ್ಸೆಂಟ್ ಸಿಜಿಎಸ್‌ಟಿ (ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು) ಹಾಕಿದರೆ 2.125 ಆಗುತ್ತದೆ. ಬಿಲ್ಲಿನಲ್ಲಿ 2.13 ಬರಬೇಕು, ಬರುತ್ತಲೂ ಇತ್ತು. ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರಿನ ಕೋಡ್ ಬರೆಯಲು ನಾನಿಟ್ಟುಕೊಂಡ ಎಐ ಏಜೆಂಟ್, ಒಂದು ಸಂಜೆ, ಲೆಕ್ಕ ಸರಿ ಬರುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟುಗಳನ್ನು ಓಡಿಸಿ "ಎಲ್ಲ ಟೆಸ್ಟ್ ಪಾಸ್" ಎಂದು ಹಸಿರು ಟಿಕ್ ಹಾಕಿ ಕೆಲಸ ಒಪ್ಪಿಸಿತು. ಕೋಡಿನಲ್ಲಿ ಏನೇನು ಬದಲಾಗಿದೆ ಎಂದು ತೋರಿಸುವ ಡಿಫ್ ತೆರೆದು ನೋಡಿದೆ. ಕೋಡ್ ಸರಳ ಮಾಡುವ ಉಮೇದಿನಲ್ಲಿ ಪೈಸೆಯ ಲೆಕ್ಕ ಕರಾರುವಾಕ್ಕಾಗಿ ಇಡುವ ಡೆಸಿಮಲ್ ಕಿತ್ತು ಪೈಥಾನಿನ ಮಾಮೂಲಿ ರೌಂಡ್ ಹಾಕಿಬಿಟ್ಟಿದೆ. ಆ ರೌಂಡ್ ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಸಮಸಂಖ್ಯೆಯ ಕಡೆಗೆ ತಳ್ಳುತ್ತದೆ, ಹಾಗಾಗಿ 2.125 ಹೋಗಿ 2.12 ಆಯಿತು. ಟೆಸ್ಟ್ ಬಿತ್ತು, ಅಂದರೆ ಫೇಲ್. ಆಗಲಾದರೂ ಕೋಡ್ ಸರಿಮಾಡಬೇಕಲ್ಲ? ಇಲ್ಲ ಮಾರಾಯ್ರೇ, ಟೆಸ್ಟಿನಲ್ಲಿ ನಾನು ಬರೆದಿಟ್ಟ 2.13 ಅನ್ನೇ 2.12 ಎಂದು ತಿದ್ದಿತು. ಮೇಲೊಂದು ಕಾಮೆಂಟ್ ಬೇರೆ: ಹೊಸ ರೌಂಡಿಂಗ್ ಕ್ರಮಕ್ಕೆ ತಕ್ಕಂತೆ ಮೌಲ್ಯ ಪರಿಷ್ಕರಿಸಲಾಗಿದೆ. ದೋಸೆ ಹೇಳಿದ ಟೇಬಲ್ಲಿಗೆ ಉತ್ತಪ್ಪ ತಂದಿಟ್ಟ ಹುಡುಗ, ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲೇ (ಕೆಒಟಿ) ದೋಸೆ ಹೊಡೆದುಹಾಕಿ ಉತ್ತಪ್ಪ ಅಂತ ಬರೆದ ಹಾಗೆ.

ಎರಡು ಪೈಸೆಯ ವಿಷಯ ಅನ್ನಬೇಡಿ. ಸಿಜಿಎಸ್‌ಟಿಗೆ ಒಂದು ಪೈಸೆ, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿಗೆ ಒಂದು ಪೈಸೆ. ಬಿಲ್ಲಿನ ಕೊನೆಗೆ ರೂಪಾಯಿಗೆ ರೌಂಡ್ ಆಗುವುದರಿಂದ ಗಿರಾಕಿಗೆ ಕಾಣುವುದೂ ಇಲ್ಲ. ಕಾಣುವುದು ತಿಂಗಳ ಕೊನೆಗೆ, ಲೆಕ್ಕ ತಾಳೆಯಾಗದೆ ಹೋಟೆಲ್ ಧಣಿಯ ಸಿಎ ನನಗೆ ಫೋನ್ ಹಚ್ಚಿದಾಗ.

ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲೇ ಕೂತು ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವನು ನಾನು. ಗಿರಾಕಿಗಳು ಹೆಚ್ಚಿನವರು ನಮ್ಮ ಊರ ಕಡೆಯವರೇ, ಮಾಟುಂಗಾ, ಮುಲುಂಡ್, ಠಾಣೆ, ಈಚೆಗೆ ಕಲ್ಯಾಣದಲ್ಲೂ ಕೆಲವರು. ರಿಕ್ವೈರ್‌ಮೆಂಟ್ ಬರುವುದು ಗಲ್ಲೆಯಲ್ಲಿ ಕೂತ ಧಣಿಗಳ ವಾಟ್ಸಾಪ್ ವಾಯ್ಸ್ ನೋಟಿನಲ್ಲಿ, ಅರ್ಧ ತುಳು, ಅರ್ಧ ಹಿಂದಿ, ಹಿಂದೆ ಮಿಕ್ಸರ್ ಶಬ್ದ. ಡಿಸೈನು, ಕೋಡಿಂಗು, ಟೆಸ್ಟಿಂಗು, ರಾತ್ರಿ ಹನ್ನೊಂದಕ್ಕೆ "ಪ್ರಿಂಟ್ ಬರ್ತಿಲ್ಲ" ಎಂದರೆ ಸಪೋರ್ಟು, ಎಲ್ಲ ಡಿಪಾರ್ಟ್‌ಮೆಂಟೂ ನಾನೊಬ್ಬನೇ. 2021ರಲ್ಲಿ ಕೋಡಿಂಗಿಗೆ ನೆರವಾಗುವ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ಅರ್ಧ ಬರೆದ ಸಾಲನ್ನು ಮುಗಿಸಿಕೊಡುತ್ತಿತ್ತು. ಈಗಿನ ಏಜೆಂಟುಗಳು ಟರ್ಮಿನಲ್ಲಿನಲ್ಲಿ ಕೂತು ತಾವೇ ಫೈಲ್ ಹುಡುಕಿ, ತಿದ್ದಿ, ಟೆಸ್ಟ್ ಓಡಿಸಿ, ಬದಲಾವಣೆಯನ್ನು ದಾಖಲಿಸಿ (ಕಮಿಟ್) ಮುಗಿಸುತ್ತವೆ. ನಾನು ಎರಡು ಕಂಪನಿಯವನ್ನು ಬಳಸಿದ್ದೇನೆ. ಹೆಸರು ಬೇಡ, ಟೆಸ್ಟ್ ತಿದ್ದುವ ಚಾಳಿ ಎರಡಕ್ಕೂ ಇದೆ.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಏಳುತ್ತೇನೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಿಂದಿನ ದಿನದ ವಾಯ್ಸ್ ನೋಟ್ ಕೇಳಿ, ಕನ್ನಡದಲ್ಲೇ ನಾಲ್ಕು ಸಾಲು ಟೈಪ್ ಮಾಡುತ್ತೇನೆ: "ಪಾರ್ಸೆಲ್ ಬಿಲ್ಲಿನಲ್ಲಿ ಡಬ್ಬಿ ಚಾರ್ಜ್ ಬೇರೆ ಸಾಲಿನಲ್ಲಿ ಬರಲಿ, ಎಕ್ಸ್‌ಟ್ರಾ ಸಾಂಬಾರಿಗೆ ಎರಡನೇ ಡಬ್ಬಿ ಹೋದರೆ ಅದಕ್ಕೂ." ಪ್ಲ್ಯಾನ್ ಮೋಡಿನಲ್ಲಿಟ್ಟರೆ ಕೋಡ್ ಮುಟ್ಟುವ ಮೊದಲು ಯಾವ ಫೈಲಿನಲ್ಲಿ ಏನು ಮಾಡುತ್ತೇನೆಂದು ಬರೆದು ತೋರಿಸುತ್ತದೆ. ಕಾಫಿ ಲೋಟ ಹಿಡಿದು ಅದನ್ನು ಓದುವುದು ನನಗೆ ಪೇಪರ್ ಓದುವುದಕ್ಕಿಂತ ಖುಷಿ. ಕೆಲವು ಸಲ ಅದು ಕೇಳುವ ಪ್ರಶ್ನೆ ಧಣಿಗೂ ಹೊಳೆದಿರುವುದಿಲ್ಲ. ಪಾರ್ಸೆಲ್ ಕಟ್ಟಿದ ಮೇಲೆ ಆರ್ಡರ್ ಕ್ಯಾನ್ಸಲ್ ಆದರೆ ಡಬ್ಬಿಯ ದುಡ್ಡು ವಾಪಸ್ ಕೊಡುವುದೇ? ಅದನ್ನು ಹಾಗೇ ಫಾರ್ವರ್ಡ್ ಮಾಡುತ್ತೇನೆ. ಉತ್ತರ ಬರುವುದು ಮಧ್ಯಾಹ್ನದ ರಶ್ ಇಳಿದ ಮೇಲೆ.

ಪ್ಲ್ಯಾನ್ ಒಪ್ಪಿ ಸ್ನಾನಕ್ಕೆ ಹೋಗುತ್ತೇನೆ. ಮೊದಮೊದಲು ತಲೆ ಒರೆಸಿಕೊಳ್ಳುತ್ತಾ ಬಂದು ನೋಡಿದರೆ, ಈ ಫೋಲ್ಡರಿನಲ್ಲಿ ಏನೇನಿದೆ ನೋಡಲೇ ಎಂದು ಅನುಮತಿ ಕೇಳಿಕೊಂಡು ಆಗಿನಿಂದ ಕೂತೇ ಇರುತ್ತಿತ್ತು. ಈಗ ಓದುವುದಕ್ಕೆ, ಟೆಸ್ಟ್ ಓಡಿಸುವುದಕ್ಕೆ ಕೇಳಬೇಡ, ಡಿಲೀಟ್‌ಗೂ, ಕೋಡನ್ನು ಸರ್ವರಿಗೆ ಕಳಿಸುವ ಪುಶ್‌ಗೂ ಕೇಳು ಎಂದು ಸೆಟ್ಟಿಂಗಿನಲ್ಲಿ ಹಾಕಿದ್ದೇನೆ.

ಕೋಡ್ ಬರೆಯುವ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬರೆಯುತ್ತದೆ, ಚೆನ್ನಾಗಿಯೇ. ಹಳೇ ಕೋಡ್ ಓದುವುದರಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ದರ ಬದಲಿಸಿತು, ಜಾರಿ 22ರಿಂದ. ಹೋಟೆಲ್ ತಿಂಡಿಯ 5 ಪರ್ಸೆಂಟ್ ಹಾಗೇ ಉಳಿಯಿತು. ಆದರೆ ನನ್ನ ಕೆಲವು ಗಿರಾಕಿಗಳು ಹೋಟೆಲಿಗೆ ಅಂಟಿಕೊಂಡೇ ಮಂಗಳೂರು ಸ್ಟೋರ್ಸ್ ಇಟ್ಟಿದ್ದಾರೆ. ಅಲ್ಲಿ ಪ್ಯಾಕೆಟಿನ ಖಾರ ತಿಂಡಿ 12ರಿಂದ 5ಕ್ಕೆ ಇಳಿಯಿತು, 28ರ ಮೇಲೆ 12 ಸೆಸ್ ಇದ್ದ ಕೋಲಾ ಸೀದಾ 40 ಆಯಿತು. ಈ ದರಗಳು ನನ್ನ ಕೋಡಿನಲ್ಲಿ ಎಲ್ಲೆಲ್ಲಿ ಅಡಗಿವೆ ಎಂದು ಏಜೆಂಟಿಗೆ ಹುಡುಕಲು ಹೇಳಿ ಗಣಪತಿಗೆ ನೆಂಟರ ಮನೆಗೆ ಹೋದೆ.

ವಾಪಸ್ ಬಂದಾಗ ಪಟ್ಟಿ ಸಿದ್ಧವಿತ್ತು. ಅದರಲ್ಲಿ ನಾನು ಕೇಳದೇ ಇದ್ದ ಒಂದು ಸಾಲು: ಹಳೇ ಬಿಲ್ ರೀಪ್ರಿಂಟ್ ಮಾಡುವ ಟೆಂಪ್ಲೇಟು ತೆರಿಗೆಯನ್ನು ಮತ್ತೆ ಲೆಕ್ಕ ಹಾಕುತ್ತದೆ. ಅಂದರೆ ಆಗಸ್ಟಿನ ಬಿಲ್ಲನ್ನು ಅಕ್ಟೋಬರಿನಲ್ಲಿ ತೆಗೆದರೆ ಹೊಸ ದರ ಬೀಳುತ್ತದೆ. ದರಕ್ಕೆ ಬೇರೆ ಟೇಬಲ್ ಮಾಡಿ, ಯಾವ ತಾರೀಕಿನಿಂದ ಜಾರಿ ಎಂಬ ಕಾಲಂ ಇಡೋಣ, ಬಿಲ್ಲಿನ ತಾರೀಕು ನೋಡಿ ದರ ಎತ್ತಿಕೊಳ್ಳೋಣ ಎಂದು ಸಲಹೆಯನ್ನೂ ಕೊಟ್ಟಿತ್ತು. ಆ ಟೆಂಪ್ಲೇಟ್ ನನಗಿಂತ ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವರ ಕಾಲದ್ದು, ಯಾರೂ ಅದರ ಒಳಗೆ ಇಣುಕಿರಲಿಲ್ಲ. ಆ ಒಂದು ಸಾಲಿಗೇ ವರ್ಷದ ಚಂದಾ ವಸೂಲಾಯಿತು ಅನ್ನಿಸಿತು.

ಇಷ್ಟು ಕೊಂಡಾಡಿದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಮಾಡೆಲ್‌ಗಳಿಗೆ ಕೋಡಿಂಗ್ ಕಲಿಸುವಾಗ ಟೆಸ್ಟ್ ಪಾಸಾದರೆ ಅಂಕ ಕೊಡುವ ಪದ್ಧತಿಯಿದೆ. ಅಂಕಕ್ಕೆ ಅಡ್ಡದಾರಿ ಹಿಡಿಯುವುದಕ್ಕೆ ರಿವಾರ್ಡ್ ಹ್ಯಾಕಿಂಗ್ ಎಂಬ ಹೆಸರೇ ಇದೆ. ನನಗೆ ಬೇಕಾದದ್ದು ದೋಸೆಗೆ ಸರಿಯಾದ ತೆರಿಗೆ, ಅದಕ್ಕೆ ಬೇಕಾದದ್ದು ಹಸಿರು ಟಿಕ್. ಕೆಲವೊಮ್ಮೆ ಟೆಸ್ಟನ್ನು ಸ್ಕಿಪ್ ಎಂದು ಗುರುತು ಹಾಕುತ್ತದೆ, ಕೆಲವೊಮ್ಮೆ ಎರರ್ ಬಂದರೆ ಸುಮ್ಮನೆ ನುಂಗುವ ಟ್ರೈ-ಎಕ್ಸೆಪ್ಟ್ ಸುತ್ತುತ್ತದೆ. ಕೇಳಿದರೆ "ನೀವು ಹೇಳಿದ್ದು ಸರಿ" ಎಂದು ತಕ್ಷಣ ಒಪ್ಪಿಕೊಳ್ಳುವುದು ಇನ್ನೂ ಉರಿಸುತ್ತದೆ.

ಟೆಸ್ಟ್ ಮುಟ್ಟಬೇಡ ಎಂದು ಏಜೆಂಟ್ ಓದಿಕೊಳ್ಳಬೇಕಾದ ಸೂಚನೆಗಳ ಫೈಲಿನಲ್ಲಿ (ಏಜೆಂಟ್ಸ್ ಡಾಟ್ ಎಂಡಿ) ಬರೆದಿಟ್ಟೆ. ಸ್ವಲ್ಪ ಹೊತ್ತು ಕೇಳುತ್ತದೆ. ಮಾತುಕತೆ ಉದ್ದವಾಗಿ, ಹಳೆಯದನ್ನು ತಾನೇ ಸಂಕ್ಷೇಪ ಮಾಡಿಕೊಂಡ ಮೇಲೆ ಆ ಸಾಲಿನ ಬಿಗಿ ಸಡಿಲವಾಗುತ್ತದೆ. ಕೊನೆಗೆ ಬಾಯಿಮಾತು ಬಿಟ್ಟು ಬೀಗ ಹಾಕಿದೆ. ಏಜೆಂಟ್ ಓಡುವ ಕಂಟೇನರಿನಲ್ಲಿ (ಕಂಪ್ಯೂಟರಿನೊಳಗೇ ಬೇರ್ಪಡಿಸಿದ ಜಾಗ) ಟೆಸ್ಟ್ ಫೋಲ್ಡರ್ ರೀಡ್-ಓನ್ಲಿ. ಓದಬಹುದು, ಓಡಿಸಬಹುದು, ಬರೆಯುವಂತಿಲ್ಲ. ಹೊಸ ಟೆಸ್ಟ್ ಬರೆಯಬೇಕಾದರೆ ಬೇರೆ ಫೋಲ್ಡರಿನಲ್ಲಿ ಬರೆದಿಡಲಿ, ನಾನು ನೋಡಿ ಒಳಗೆ ತೆಗೆದುಕೊಳ್ಳುತ್ತೇನೆ. ಅವತ್ತಿನಿಂದ ಟೆಸ್ಟ್ ಬಿದ್ದರೆ ಅದಕ್ಕೆ ಕೋಡ್ ಸರಿಮಾಡದೆ ಗತಿಯಿಲ್ಲ. ಕಂಪನಿಯವರೇ ಇದನ್ನು ಮೊದಲೇ ಹಾಕಿ ಕೊಡಬಹುದಿತ್ತು.

ಎಐ ಮಾಡೆಲ್‌ಗಳನ್ನು ಪರೀಕ್ಷಿಸುವ ಎಂಇಟಿಆರ್ ಸಂಸ್ಥೆಯ ಪ್ರಯೋಗವೊಂದು 2025ರ ಜುಲೈಯಲ್ಲಿ ಬಂತು. 16 ಮಂದಿ ಅನುಭವಿ ಡೆವಲಪರ್‌ಗಳು, ತಮಗೆ ಚೆನ್ನಾಗಿ ಗೊತ್ತಿರುವ ಪ್ರಾಜೆಕ್ಟುಗಳಲ್ಲಿ 246 ಕೆಲಸ. ಎಐ ಬಳಸಿದಾಗ 19 ಪರ್ಸೆಂಟ್ ಹೆಚ್ಚು ಹೊತ್ತು ಹಿಡಿದಿತ್ತು, ಅವರಿಗೆ ಅನ್ನಿಸಿದ್ದು ಮಾತ್ರ 20 ಪರ್ಸೆಂಟ್ ಬೇಗ ಮುಗಿಯಿತು ಎಂದು. ಆ ವರ್ಷದ ಆರಂಭದ ಟೂಲುಗಳು ಅವು, ಈಗಿನವು ಸುಧಾರಿಸಿವೆ. ಆದರೂ ನನಗೆ ನಂಬಲು ಕಷ್ಟವಾಗಲಿಲ್ಲ. ಟೈಪಿಂಗ್ ಉಳಿದ ಹೊತ್ತೆಲ್ಲ ಡಿಫ್ ಓದಲು ಹೋಗುತ್ತದೆ, ಬೇರೆಯವರ ಕೋಡ್ ಓದುವುದು ಬರೆಯುವುದಕ್ಕಿಂತ ಸುಸ್ತು. ಗಿರಾಕಿಯ ಹತ್ತಿರ ಹೋಗುವಾಗ ಸ್ಲೋ ಲೋಕಲ್ ಹಿಡಿಯುತ್ತೇನೆ, ಕೂರಲು ಸೀಟ್ ಸಿಕ್ಕರೆ ಮಾಟುಂಗಾ ಬರುವುದರೊಳಗೆ ಒಂದು ಪುಲ್ ರಿಕ್ವೆಸ್ಟ್, ಅಂದರೆ ಒಪ್ಪಿಗೆಗೆ ಬಂದ ಒಂದು ಕಟ್ಟು ಬದಲಾವಣೆ, ಓದಿ ಮುಗಿಯುತ್ತದೆ. ನಿಂತುಕೊಂಡು ರಿವ್ಯೂ ಮಾಡಿ ಅಪ್ರೂವ್ ಒತ್ತುವುದಿಲ್ಲ ಎಂಬುದು ನನ್ನದೇ ನಿಯಮ.

ಡಾಕ್ಯುಮೆಂಟೇಶನ್ನಿಗೆ ಬಳಸಿ ಕೈಬಿಟ್ಟೆ. ಕೌಂಟರ್ ಹುಡುಗರಿಗೆ ಕನ್ನಡದಲ್ಲಿ ಗೈಡ್ ಬರೆಸಿದರೆ ಸರ್ಕಾರಿ ಸುತ್ತೋಲೆಯ ಭಾಷೆ ಬಂತು, ಮೇಲಾಗಿ ಕನ್ನಡ ಇಂಗ್ಲಿಷಿಗಿಂತ ಕೆಲವು ಪಟ್ಟು ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ಚೂರುಗಳು) ತಿನ್ನುವುದರಿಂದ ಮಧ್ಯಾಹ್ನದೊಳಗೆ ನನ್ನ ಪ್ಲ್ಯಾನಿನ ಬಳಕೆಯ ಮಿತಿ ಖಾಲಿ. ಈಗ ಫೋನಿನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಹುಡುಗರು ನೋಡುತ್ತಾರೆ.

ದುಡ್ಡಿನ ಮಾತು. 20 ಡಾಲರಿನ ಪ್ಲ್ಯಾನ್, ತೆರಿಗೆ ಸೇರಿ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು. ಒಬ್ಬ ಗಿರಾಕಿಯ ತಿಂಗಳ ಮೇಂಟೆನೆನ್ಸ್ ಅದಕ್ಕೆ ಹೋಯಿತು ಎಂದುಕೊಂಡಿದ್ದೇನೆ. 100 ಡಾಲರಿನದು ತೆಗೆದುಕೊಂಡರೆ ಮಿತಿ ಅಷ್ಟು ಬೇಗ ತಾಗುವುದಿಲ್ಲವಂತೆ. ನನಗೆ ಮಿತಿ ತಾಗಿದಾಗ ಊಟಕ್ಕೆ ಏಳುತ್ತೇನೆ, ಆದ್ದರಿಂದ ಬೇಡ. ವರ್ಷದ ಪ್ಲ್ಯಾನನ್ನೂ ತೆಗೆದುಕೊಂಡಿಲ್ಲ, ದರ ಮತ್ತು ಮಿತಿ ಎರಡನ್ನೂ ಇವರು ಯಾವಾಗ ಬೇಕಾದರೂ ಬದಲಿಸುತ್ತಾರೆ.

ಐದಕ್ಕೆ ಮೂರೂವರೆ ಸ್ಟಾರ್. ಕಂಟೇನರ್, ಗಿಟ್ ಎಲ್ಲ ಗೊತ್ತಿಲ್ಲದವರು ಇದರಲ್ಲಿ ಹೋಟೆಲ್ ಬಿಲ್ಲಿಂಗ್ ಮಾಡಿ ಮಾರಲು ಹೊರಟರೆ, ಒಂದು ಸ್ಟಾರ್ ಎಂದು ಓದಿಕೊಳ್ಳಿ.