ಒಂದೇ ಮಾದರಿಯ ಎರಡು ಥೊರೆನ್ಸ್: ಒಂದಕ್ಕೆ ದುರಸ್ತಿ, ಇನ್ನೊಂದಕ್ಕೆ ಮಾರ್ಪಾಡು

ನನ್ನ ಹತ್ತಿರ ಥೊರೆನ್ಸ್ ಕಂಪನಿಯ ಟಿಡಿ 160 ಟರ್ನ್‌ಟೇಬಲ್ (ರೆಕಾರ್ಡ್ ಹಾಡಿಸುವ ಯಂತ್ರ) ಎರಡಿವೆ. ಕೈಗೆ ಬಂದಾಗ ಎರಡರ ಗತಿಯೂ ಒಂದೇ: ಬೆಲ್ಟ್ ಜೋಲು ಬಿದ್ದಿತ್ತು, ಬೇರಿಂಗ್ ಒಣಗಿತ್ತು, ಸ್ಪ್ರಿಂಗಿನೊಳಗಿನ ಫೋಮ್ ಮುಟ್ಟಿದರೆ ಪುಡಿಪುಡಿ. ಒಂದನ್ನು ಹೊಸದಾಗಿ ಬಂದಾಗ ಹೇಗಿತ್ತೋ ಹಾಗೇ ಮಾಡುವುದು, ಇನ್ನೊಂದಕ್ಕೆ ಈ ಹವ್ಯಾಸದವರು ಹೇಳುವ ಬದಲಾವಣೆಗಳನ್ನು ಒಂದೊಂದಾಗಿ ಮಾಡುತ್ತ ಹೋಗುವುದು ಎಂದುಕೊಂಡೆ. ಕಾರ್ಟ್ರಿಜ್ (ಸೂಜಿ ಕೂರುವ ಭಾಗ), ಅದರ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರೀಆಂಪ್, ಸ್ಪೀಕರ್ ಎಲ್ಲ ಒಂದೇ. ಆರು ತಿಂಗಳು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೇಳಿದೆ.

ಈ ಯಂತ್ರದ ಜೀವಾಳ ಮೂರು ಸ್ಪ್ರಿಂಗುಗಳು. 1961ರಲ್ಲಿ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಗೆ ಎಆರ್ ಎಕ್ಸ್‌ಎ ಎಂಬ ಟರ್ನ್‌ಟೇಬಲ್ ರೂಪಿಸಿದಾಗ ಮಾಡಿದ್ದು ಇದನ್ನೇ: ರೆಕಾರ್ಡ್ ತಿರುಗುವ ತಟ್ಟೆಯನ್ನೂ ಕಾರ್ಟ್ರಿಜ್ ಹಿಡಿಯುವ ತೋಳಾದ ಟೋನ್‌ಆರ್ಮನ್ನೂ ಒಂದೇ ಲೋಹದ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಸ್ಪ್ರಿಂಗಿನ ಮೇಲೆ ತೇಲಿಸಿದರು. ಮೋಟರ್ ಮಾತ್ರ ಹೊರಗೆ, ಮೇಲಿನ ಪ್ಲೇಟಿನಲ್ಲಿ. ಎರಡರ ನಡುವೆ ಇರುವ ನಂಟು ಮುಖ್ಯವಾಗಿ ಒಂದು ರಬ್ಬರ್ ಬೆಲ್ಟ್. 1965ರ ಟಿಡಿ 150, 1972ರ ಟಿಡಿ 160, ಲಿನ್ ಎಲ್‌ಪಿ 12, ಎಲ್ಲವೂ ಆ ದಾರಿಯಲ್ಲೇ ನಡೆದವು. ಇದು ಮನಸ್ಸಿನಲ್ಲಿದ್ದರೆ ಯಾವ ಬದಲಾವಣೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅರ್ಧ ಗೊತ್ತಾಗಿಬಿಡುತ್ತದೆ.

ಮೂಲ ಸ್ಥಿತಿಗೆ ತರಬೇಕಾದ ಯಂತ್ರದಲ್ಲಿ ಸ್ಪ್ರಿಂಗ್ ಹೊಂದಿಸಲು ನನಗೆ ಎರಡು ಭಾನುವಾರ ಹಿಡಿಯಿತು. ಅಡಿಹಲಗೆ ಬಿಚ್ಚಿ, ಒಂದೇ ಎತ್ತರದ ನಾಲ್ಕು ಮರದ ತುಂಡಿನ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ, ಮೊದಲು ಪೆಟ್ಟಿಗೆಯನ್ನೇ ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿಕೊಂಡೆ. ಫೋಮ್ ಹೊಸದು ಹಾಕಿದೆ. ತಟ್ಟೆ, ಮ್ಯಾಟ್, ಹಾಡಿಸುವ ರೆಕಾರ್ಡ್ ಎಲ್ಲ ಮೇಲಿಟ್ಟು, ಬೆಲ್ಟನ್ನೂ ತೊಡಿಸಿ, ಕೆಳಗಿನಿಂದ ನಟ್ ತಿರುಗಿಸುತ್ತ ಬಂದೆ. ತಟ್ಟೆಯ ನಡುವಿನ ಕಡ್ಡಿಯ ಹತ್ತಿರ ಬೆರಳಿಟ್ಟು ಹಗುರಾಗಿ ಒತ್ತಿ ಬಿಟ್ಟರೆ ತಟ್ಟೆ ನೇರವಾಗಿ ಮೇಲಕ್ಕೂ ಕೆಳಕ್ಕೂ ಆಡಬೇಕು, ತೊಟ್ಟಿಲಿನ ಹಾಗೆ ಪಕ್ಕಕ್ಕೆ ತೂಗಬಾರದು. ನನ್ನದು ತೂಗುತ್ತಲೇ ಇತ್ತು. ನಟ್ ಎಷ್ಟು ತಿರುಗಿಸಿದರೂ ಸರಿಹೋಗದೆ ಕೊನೆಗೆ ಕಾರಣ ಸಿಕ್ಕಿದ್ದು ಬೇರೆ ಕಡೆ: ಟೋನ್‌ಆರ್ಮಿನ ಕೇಬಲ್ ಬಿಗಿಯಾಗಿ ಪೆಟ್ಟಿಗೆಯ ಅಂಚಿಗೆ ತಾಗಿಕೊಂಡು ಚೌಕಟ್ಟಿನ ಒಂದು ಮೂಲೆಯನ್ನು ಎಳೆದು ಹಿಡಿದಿತ್ತು. ಅದನ್ನು ಸಡಿಲ ಬಿಟ್ಟು ಸುತ್ತಿ ಕ್ಲಿಪ್ಪಿಗೆ ಸಿಕ್ಕಿಸಿದ್ದೇ ತಡ, ತಟ್ಟೆ ನೇರವಾಗಿ ಆಡಿ, ಮೆಲ್ಲಗೆ ನಿಂತಿತು. ಆ ಕ್ಷಣದ ಖುಷಿ ಈಗಲೂ ನೆನಪಿದೆ.

ಇನ್ನೊಂದರಲ್ಲಿ ಸ್ಪ್ರಿಂಗ್ ತೆಗೆದು ಗಟ್ಟಿ ರಬ್ಬರಿನ ಮೂರು ತುಂಡು ಕೊಟ್ಟು ಚೌಕಟ್ಟನ್ನು ಬಿಗಿದೆ. ಹೊಂದಿಸುವ ತಲೆನೋವಿಲ್ಲ, ಅರ್ಧ ಗಂಟೆಯ ಕೆಲಸ. ಮೊದಲ ದಿನ ಕೇಳಿದಾಗ ತಬಲಾದ ಪೆಟ್ಟು ಚುರುಕಾಯಿತು ಎಂದೇ ಅನ್ನಿಸಿತು. ಆಮೇಲೆ ಒಂದು ಸರಳ ಪರೀಕ್ಷೆ ಮಾಡಿದೆ. ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ವಾಲ್ಯೂಮ್ ಎಂದಿನ ಮಟ್ಟಕ್ಕೆ ಇಟ್ಟು, ಪೆಟ್ಟಿಗೆಯ ಅಂಚನ್ನು ಗೆಣ್ಣಿನಿಂದ ತಟ್ಟಿದೆ. ಸ್ಪ್ರಿಂಗ್ ಇರುವುದರಲ್ಲಿ ಸ್ಪೀಕರಿನಿಂದ ಮಂದವಾದ ಸದ್ದು. ಬಿಗಿದದ್ದರಲ್ಲಿ ಬಾಗಿಲು ಬಡಿದಂಥ ಸದ್ದು. ಹಾಡು ಮುಗಿದ ಮೇಲಿನ ಖಾಲಿ ಗೆರೆಯಲ್ಲಿ ಮೋಟರಿನ ಗುಂಯ್ ಎನ್ನುವ ನಾದವೂ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಮೋಟರಿನ ನಡುಕ ಸೂಜಿಗೆ ಮುಟ್ಟದಂತೆ ತಡೆಯುತ್ತಿದ್ದ ಸ್ಪ್ರಿಂಗನ್ನೇ ತೆಗೆದ ಮೇಲೆ ಇನ್ನೇನಾದೀತು?

ಸ್ಪ್ರಿಂಗ್ ಇಲ್ಲದ ಯಂತ್ರಗಳು ಕೆಟ್ಟವು ಎಂದು ಇದರ ಅರ್ಥವಲ್ಲ. ರೇಗಾ ಪ್ಲೇನರ್ 3ರಲ್ಲಿ ಇಂಥ ಸ್ಪ್ರಿಂಗೇ ಇಲ್ಲ, ಹಳೆಯ ರೇಗಾಗಳಲ್ಲಿ ಮೋಟರನ್ನೇ ರಬ್ಬರಿನಲ್ಲಿ ತೂಗುಹಾಕಿ ನಡುಕವನ್ನು ಹುಟ್ಟಿದಲ್ಲೇ ತಡೆದಿದ್ದಾರೆ. ಅದು ಮೊದಲಿನಿಂದಲೇ ಹಾಗೆ ಯೋಚಿಸಿ ಮಾಡಿದ್ದು. ಬೇರೆ ಯೋಚನೆಯಲ್ಲಿ ಹುಟ್ಟಿದ ಯಂತ್ರಕ್ಕೆ ಅರ್ಧ ದಾರಿಯಲ್ಲಿ ಈ ಯೋಚನೆ ಹಚ್ಚಿದರೆ ಎರಡೂ ಕೆಡುತ್ತವೆ. ಒಂದು ಸಂದರ್ಭದಲ್ಲಿ ಮಾತ್ರ ಬಿಗಿದದ್ದೇ ಮೇಲು: ನೆಲ ಮರದ್ದಾಗಿದ್ದು, ನಡೆದರೆ ಅಲುಗುವಂತಿದ್ದರೆ. ಹೆಜ್ಜೆಯ ಅಲುಗಾಟ ಈ ಸ್ಪ್ರಿಂಗುಗಳ ಸ್ವಂತ ಆಂದೋಲನಕ್ಕೆ ಹತ್ತಿರದ್ದು, ಸೂಜಿ ಹಾರುತ್ತದೆ. ಅಲ್ಲಿಯೂ ನಾನಾದರೆ ಸ್ಪ್ರಿಂಗ್ ತೆಗೆಯುವ ಮುಂಚೆ ಗೋಡೆಗೆ ಗಟ್ಟಿ ಶೆಲ್ಫ್ ಹೊಡೆಸಿ ನೋಡುತ್ತೇನೆ.

ಮೋಟರಿನ ವಿಷಯದಲ್ಲಿ ಗೆದ್ದದ್ದು ಬದಲಾವಣೆಯೇ. ಇದರ ಮೋಟರು 16 ಪೋಲಿನ (ಕಾಂತಧ್ರುವದ) ಸಿಂಕ್ರನಸ್ ಮೋಟರು, ಅಂದರೆ ಕರೆಂಟಿನ ಹರ್ಟ್ಸಿಗೆ ತಕ್ಕಂತೆಯೇ ತಿರುಗುವಂಥದ್ದು. 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 375 ಸುತ್ತು, ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆಯಾದರೂ ವೇಗ ಕದಲುವುದಿಲ್ಲ. ಮೂಲದ್ದರಲ್ಲಿ ಹಳೆಯ ಕೆಪಾಸಿಟರ್ ಮಾತ್ರ ಬದಲಿಸಿದೆ, ಅಷ್ಟಕ್ಕೇ ನಡುಕ ಕೈಗೆ ಗೊತ್ತಾಗುವಷ್ಟು ಇಳಿಯಿತು. (ಅಲ್ಲಿ ಮನೆಯ ಕರೆಂಟೇ ನೇರವಾಗಿ ಹರಿಯುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.) ಇನ್ನೊಂದಕ್ಕೆ ತಾನೇ ಸೈನ್ ವೇವ್ ಹುಟ್ಟಿಸುವ ಎಲೆಕ್ಟ್ರಾನಿಕ್ ಪವರ್ ಸಪ್ಲೈ ಕೊಟ್ಟೆ. ತಟ್ಟೆ ಓಟ ಹಿಡಿದ ಮೇಲೆ ಅದು ವೋಲ್ಟೇಜ್ ಇಳಿಸುತ್ತದೆ, ಮೋಟರು ಇನ್ನೂ ತಣ್ಣಗೆ, ಇನ್ನೂ ಮೌನವಾಗಿ ತಿರುಗುತ್ತದೆ. ವೇಗವನ್ನು ಚೂರುಚೂರೇ ತಿದ್ದಲೂ ಬರುತ್ತದೆ.

ತಿದ್ದುವ ಅಗತ್ಯ ಯಾಕೆ ಬಂತೆಂದರೆ ಬೆಲ್ಟು. ನಾನು ತರಿಸಿದ ಮೊದಲ ಹೊಸ ಬೆಲ್ಟ್ ದಪ್ಪವಾಗಿತ್ತು. ಮೋಟರಿನ ತುದಿಯಲ್ಲಿ ಬೆಲ್ಟ್ ಕೂರುವ ಪುಲ್ಲಿಯ ವ್ಯಾಸ 14 ಮಿಲಿಮೀಟರ್ ಇದ್ದರೆ, ಬೆಲ್ಟಿನ ದಪ್ಪ 0.1 ಮಿಲಿಮೀಟರ್ ಏರಿದರೂ ತಟ್ಟೆ ಸುಮಾರು ಶೇಕಡ 0.7ರಷ್ಟು ಜೋರಾಗಿ ತಿರುಗುತ್ತದೆ. 3150 ಹರ್ಟ್ಸಿನ ಪರೀಕ್ಷಾ ನಾದ 3172ರ ಹತ್ತಿರ ಹೋಗುತ್ತದೆ, ಶ್ರುತಿ ಹಿಡಿದು ಕೂತವರಿಗೆ ಅದು ಕಿವಿಗೆ ಬಿದ್ದೇ ಬೀಳುತ್ತದೆ. 50 ಹರ್ಟ್ಸ್ ದೀಪದ ಕೆಳಗೆ 180 ಗೆರೆಯ ಸ್ಟ್ರೋಬ್ ಡಿಸ್ಕ್ (ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ) ಇಟ್ಟಾಗ ಗೆರೆಗಳು ಮುಂದೆ ಮುಂದೆ ತೆವಳುವುದು ಕಣ್ಣಿಗೇ ಕಂಡಿತು. ಸಮನಾಗಿ ಅರೆದ ತೆಳು ಬೆಲ್ಟ್ ಹಾಕಿದ ಮೇಲೆ ಗೆರೆಗಳು ನಿಂತವು. ಬೆಲ್ಟಿನ ಬದಲು ರೇಷ್ಮೆ ದಾರವನ್ನೂ ಕಟ್ಟಿ ನೋಡಿದೆ, ಗಂಟು ಪುಲ್ಲಿಯನ್ನು ದಾಟುವಾಗಲೆಲ್ಲ ಟಿಕ್ ಎನ್ನುತ್ತಿತ್ತು. ಅದೇ ಸಂಜೆ ಬಿಚ್ಚಿದೆ.

ಅಳೆಯುವವರಿಗೆ ಒಂದು ಮಾತು: ಪರೀಕ್ಷಾ ರೆಕಾರ್ಡಿನ ತೂತೇ ಅರ್ಧ ಮಿಲಿಮೀಟರ್ ಸರಿದಿದ್ದರೆ, ನಡುವಿನಿಂದ 100 ಮಿಲಿಮೀಟರ್ ದೂರದಲ್ಲಿ ನಾದ ಪ್ರತಿ ಸುತ್ತಿಗೂ ಶೇಕಡ 0.5ರಷ್ಟು ಮೇಲೆ ಕೆಳಗೆ ಆಡುತ್ತದೆ. ಯಂತ್ರವನ್ನು ಬೈಯುವ ಮುಂಚೆ ರೆಕಾರ್ಡನ್ನು ಸ್ವಲ್ಪ ಸರಿಸಿ ನೋಡಿ.

ಬೇರಿಂಗಿನಲ್ಲಿ ಸ್ಪರ್ಧೆಯೇ ಇಲ್ಲ. ಹಳೆಯ ಕಪ್ಪು ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ತೆಗೆದು, ತೆಳುವಾದ ಶುದ್ಧ ಎಣ್ಣೆ ಕೆಲವೇ ಹನಿ ಬಿಟ್ಟೆ. ಒಳತಟ್ಟೆಯ ದಂಡವನ್ನು ಬೇರಿಂಗಿಗೆ ಇಳಿಸಿ ಕೈಬಿಟ್ಟರೆ ಅದು ದಬಕ್ಕನೆ ಬೀಳದೆ, ಕೆಳಗೆ ಸಿಕ್ಕಿಕೊಂಡ ಗಾಳಿಯ ಮೇಲೆ ಕೂತು ನಿಧಾನವಾಗಿ ಮುಳುಗಬೇಕು. ಎರಡೂ ಹಾಗೇ ಮುಳುಗಿದವು. ದಪ್ಪ ಎಣ್ಣೆಯನ್ನೂ ಒಮ್ಮೆ ಪ್ರಯತ್ನಿಸಿದೆ, ತಟ್ಟೆ ವೇಗ ಹಿಡಿಯಲು ತಡವಾದದ್ದು ಬಿಟ್ಟರೆ ಬೇರೆ ಲಾಭ ಕಾಣಲಿಲ್ಲ.

ಟೋನ್‌ಆರ್ಮ್ ಬದಲಿಸಿ ಎಂದು ಬಹಳ ಜನ ಹೇಳುತ್ತಾರೆ. ನಾನು ಬದಲಿಸಲಿಲ್ಲ, ಲೆಕ್ಕ ಹಾಕಿದೆ. ಇದರ ಟಿಪಿ 16 ಆರ್ಮಿನ ಎಫೆಕ್ಟಿವ್ ಮಾಸ್ (ಸೂಜಿಗೆ ಅನ್ನಿಸುವ ತೂಕ) ಸುಮಾರು 16 ಗ್ರಾಂ, ಕಾರ್ಟ್ರಿಜ್ ಮತ್ತು ಸ್ಕ್ರೂ ಸೇರಿ 7. ಒಟ್ಟು 23ನ್ನು ಕಾರ್ಟ್ರಿಜ್ಜಿನ ಕಂಪ್ಲಯನ್ಸಿನಿಂದ (ಸೂಜಿ ಎಷ್ಟು ಮೃದುವಾಗಿ ಬಾಗುತ್ತದೆ ಎಂಬ ಅಳತೆ) ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಅನುರಣನ ಎಷ್ಟು ಹರ್ಟ್ಸ್ ಎಂದು ಸಿಗುತ್ತದೆ. ನನ್ನ ಮೃದು ಕಾರ್ಟ್ರಿಜ್ಜಿನ ಕಂಪ್ಲಯನ್ಸ್ 20, ಬಂದ ಉತ್ತರ 7.4. ಸೊಟ್ಟಗಾದ ರೆಕಾರ್ಡಿನ ಏರಿಳಿತಕ್ಕೆ ತೀರ ಹತ್ತಿರ. ವೂಫರಿನ ಕೋನ್ ಸುಮ್ಮನೆ ಹಿಂದೆ ಮುಂದೆ ಆಡುತ್ತಿದ್ದುದಕ್ಕೆ ಇದೇ ಕಾರಣ. ಕಂಪ್ಲಯನ್ಸ್ 12 ಇರುವ ಕಾರ್ಟ್ರಿಜ್ ಹಾಕಿದೆ, 9.6ಕ್ಕೆ ಏರಿತು, ಕೋನ್ ಶಾಂತವಾಯಿತು. ಹೊಸ ಆರ್ಮಿಗಾಗಿ ಹಲಗೆ ಕೊರೆಯುವ ಕೆಲಸ ತಪ್ಪಿತು.

ಮ್ಯಾಟುಗಳಲ್ಲಿ ಕಾರ್ಕ್, ಫೆಲ್ಟ್, ಮೂಲದ ರಬ್ಬರ್ ಮೂರನ್ನೂ ಹಾಕಿ ನೋಡಿದೆ. ದಪ್ಪ ಬದಲಾದಾಗ ಆರ್ಮಿನ ಎತ್ತರವೂ ತಿದ್ದಬೇಕು, ತಿದ್ದಿದ ಮೇಲೆ ವ್ಯತ್ಯಾಸ ತೀರ ಕಡಿಮೆ. ಅಡಿಯ ತೆಳು ಹಲಗೆಯ ಬದಲು ದಪ್ಪ ಪ್ಲೈವುಡ್ ಹಾಕಿದ್ದು ಮಾತ್ರ ನಿಜವಾದ ಲಾಭ ಕೊಟ್ಟಿತು, ಗೆಣ್ಣಿನಿಂದ ತಟ್ಟಿದರೆ ಪೆಟ್ಟಿಗೆ ಈಗ ಡಬ್ಬದಂತೆ ಮೊಳಗುವುದಿಲ್ಲ.

ಹೋದ ತಿಂಗಳು ಎರಡನೆಯ ಯಂತ್ರದ ರಬ್ಬರ್ ತುಂಡುಗಳನ್ನು ತೆಗೆದು ಸ್ಪ್ರಿಂಗುಗಳನ್ನು ವಾಪಸ್ ಕೂರಿಸಿದೆ. ಪವರ್ ಸಪ್ಲೈ ಮತ್ತು ಪ್ಲೈವುಡ್ ಅಡಿಹಲಗೆ ಅದರಲ್ಲೇ ಉಳಿದಿವೆ. ಮೊದಲನೆಯದಕ್ಕೂ ಅಂಥದೇ ಹಲಗೆ ಅಳತೆಗೆ ಕತ್ತರಿಸಿಟ್ಟಿದ್ದೇನೆ, ಸ್ಕ್ರೂ ಹಾಕುವುದು ಬಾಕಿ.